ಎರಡು ತಕ್ಕಡಿಗಳ ನ್ಯಾಯ

(ಮುಂಬಯಿಯ ಫೋರ್ಟಿನಲ್ಲಿ ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಗೋಷ್ಠಿಯಲ್ಲಿ ನನಗೆ ವಹಿಸಿಕೊಟ್ಟಿರುವ ವಿಷಯ 'ಆಳುವವರನ್ನು ಅಳೆಯುವ ಬಗೆ'. ವಿಷಯಕ್ಕೆ ಈ ಸ್ಥಳ ತಕ್ಕುದಾಗಿಯೇ ಇದೆ. ನಾವು ಕುಳಿತಿರುವ ಫೋರ್ಟಿನ ಒಂದು ಕಡೆ ದೇಶದ ಹಣದ ಲಗಾಮು ಹಿಡಿದಿರುವ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಇದೆ. ಸಮೀಪದಲ್ಲೇ ದಲಾಲ್ ಸ್ಟ್ರೀಟಿನ ಶೇರುಪೇಟೆ ಇದೆ. ಬೋರಿಬಂದರಿನ ಕಡೆಗೆ ಹೋದರೆ ಸರಕಾರಿ ಸೇಂಟ್ ಜಾರ್ಜ್ ಆಸ್ಪತ್ರೆ ಇದೆ. ಒಂದು ಸರಕಾರ ಚೆನ್ನಾಗಿ ಆಳಿತೇ ಇಲ್ಲವೇ ಎಂಬುದನ್ನು ತೀರ್ಮಾನಿಸಲು ಸಾಮಾನ್ಯ ಜನ ಕೇಳುವ ಪ್ರಶ್ನೆಗಳೂ ಎರಡೇ: ಕಿಸೆಯಲ್ಲಿ ಕಾಸು ಉಳಿಯಿತೇ? ಕಾಯಿಲೆ ಬಿದ್ದಾಗ ಗತಿಯಿತ್ತೇ?

ಪ್ರಶ್ನೆಗಳು ಸರಳವಾಗಿವೆ. ಆದರೆ ಉತ್ತರ ಹೇಳುವಾಗ ನಾವು ಮೊದಲು ನೋಡುವುದು ಕಿಸೆಯನ್ನೂ ಅಲ್ಲ, ಆಸ್ಪತ್ರೆಯನ್ನೂ ಅಲ್ಲ. ಅಧಿಕಾರದಲ್ಲಿರುವವರು ಯಾರು ಎಂಬುದನ್ನು. ನಮ್ಮಲ್ಲಿ ಒಂದು ಗಾದೆಯಿದೆ: ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ. ಸೊಸೆ ಒಡೆದಾಗ ಮಾತ್ರ ಅದು ಅಮೂಲ್ಯವಾಗಿಬಿಡುತ್ತದೆ. ಇಂದಿನ ನಮ್ಮ ರಾಜಕೀಯ ಚರ್ಚೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಸಾಧ್ಯವಿಲ್ಲ. ಪಾತ್ರೆ ಒಡೆದಿದೆಯೇ ಎಂದು ಯಾರೂ ಕೇಳುವುದಿಲ್ಲ. ಒಡೆದವರು ಅತ್ತೆಯೋ ಸೊಸೆಯೋ ಎಂದಷ್ಟೇ ಕೇಳುತ್ತಾರೆ.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ಜಾಡ್ಯವೆಂದು ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ ಮುಗಿದು ಪಕ್ಷ ಬದಲಾದ ಕೂಡಲೇ, ಬೆಲೆಗಳಾಗಲಿ ಉದ್ಯೋಗಗಳಾಗಲಿ ಬದಲಾಗುವ ಮೊದಲೇ, ಆರ್ಥಿಕ ಸ್ಥಿತಿಯನ್ನು ಕುರಿತು ಎರಡೂ ಪಕ್ಷದವರ ಅಭಿಪ್ರಾಯ ಅದಲುಬದಲಾಗುವುದನ್ನು ಅಲ್ಲಿನ ಸಮೀಕ್ಷೆಗಳು 2016ರಲ್ಲಿಯೂ 2020ರಲ್ಲಿಯೂ ತೋರಿಸಿಕೊಟ್ಟವು. ಒಬಾಮಾ 2010ರಲ್ಲಿ ಸಹಿ ಮಾಡಿದ ಆರೋಗ್ಯ ಕಾಯ್ದೆಗೆ ಮಾದರಿಯಾದದ್ದು 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ತಂದ ವ್ಯವಸ್ಥೆ. ಅದೇ ರಾಮ್ನಿ 2012ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಆ ಕಾಯ್ದೆಯನ್ನು ರದ್ದುಮಾಡುವುದಾಗಿ ಮಾತು ಕೊಟ್ಟರು. ಅಷ್ಟು ದೂರದ ಕಥೆ ನಮಗೆ ನಗು ತರಿಸೀತು. ಈಗ ಹತ್ತಿರದ ಕಥೆಗೆ ಬರೋಣ.

ಮೊದಲು ಪೆಟ್ರೋಲಿನ ಮಾತು. 1973ರಲ್ಲಿ ಇಂದಿರಾ ಗಾಂಧಿಯವರ ಸರಕಾರ ಬೆಲೆ ಏರಿಸಿದಾಗ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. 2021ರಲ್ಲಿ ಸಿದ್ದರಾಮಯ್ಯನವರೂ ಡಿ. ಕೆ. ಶಿವಕುಮಾರರೂ ಅದೇ ಕಾರಣಕ್ಕೆ ಎತ್ತಿನ ಗಾಡಿಯೇರಿ ವಿಧಾನಸೌಧಕ್ಕೆ ಹೊರಟರು. ಗಾಡಿ ಅದೇ, ಎತ್ತುಗಳೂ ಅವೇ. ಮೇಲೆ ಕುಳಿತವರು ಮಾತ್ರ ಬೇರೆ. ಈ ಎರಡು ಸವಾರಿಗಳ ನಡುವಿನ ಲೆಕ್ಕವನ್ನು ಸ್ವಲ್ಪ ನೋಡಬೇಕು. 2012ರ ಮೇ ತಿಂಗಳಲ್ಲಿ ಪೆಟ್ರೋಲಿನ ಬೆಲೆ ಒಂದೇ ಸಲಕ್ಕೆ ಸುಮಾರು ಏಳೂವರೆ ರೂಪಾಯಿ ಏರಿದಾಗ ವಿರೋಧ ಪಕ್ಷಗಳು ಭಾರತ್ ಬಂದ್ ನಡೆಸಿದವು. ಜಗತ್ತಿನ ಮಾರುಕಟ್ಟೆಯಲ್ಲಿ ಕಚ್ಚಾ ತೈಲ ದುಬಾರಿಯಾಗಿದೆ, ನಾವೇನು ಮಾಡೋಣ ಎಂದರು ಆಗಿನ ಮಂತ್ರಿಗಳು. 2014ರ ಮಧ್ಯಭಾಗದಲ್ಲಿ ಪೀಪಾಯಿಗೆ ನೂರು ಡಾಲರಿಗೂ ಮೇಲಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ ಮೂವತ್ತು ಡಾಲರಿಗಿಂತ ಕೆಳಗಿಳಿಯಿತು. ಆದರೆ ಪೆಟ್ರೋಲಿನ ಮೇಲಿನ ಕೇಂದ್ರ ಅಬಕಾರಿ ಸುಂಕ 2014ರಲ್ಲಿ ಲೀಟರಿಗೆ 9 ರೂಪಾಯಿ 48 ಪೈಸೆ ಇದ್ದದ್ದು ಹಂತಹಂತವಾಗಿ ಏರಿ 2020ರ ಮೇ ತಿಂಗಳಲ್ಲಿ 32 ರೂಪಾಯಿ 98 ಪೈಸೆಯಾಯಿತು. ಅಗ್ಗದ ತೈಲದ ಲಾಭದಲ್ಲಿ ದೊಡ್ಡ ಪಾಲು ಹೀಗೆ ಬೊಕ್ಕಸಕ್ಕೆ ಹೋಯಿತು. ಬಂದ್ ನಡೆಸಿದವರೇ ಆಗ ಆ ಹಣ ರಸ್ತೆಗೂ ಬಡವರ ಯೋಜನೆಗೂ ಬೇಕು ಎಂದರು. ಸುಂಕವನ್ನು 2021ರಲ್ಲಿಯೂ 2022ರಲ್ಲಿಯೂ ಇಳಿಸಲಾಯಿತೆಂಬುದನ್ನು ಇಲ್ಲಿ ಹೇಳದಿದ್ದರೆ ಅದೂ ಪಕ್ಷಪಾತವೇ. ಇನ್ನು 2024ರ ಜೂನ್ ತಿಂಗಳಲ್ಲಿ ಕರ್ನಾಟಕದ ಕಾಂಗ್ರೆಸ್ ಸರಕಾರ ಮಾರಾಟ ತೆರಿಗೆ ಹೆಚ್ಚಿಸಿ ಪೆಟ್ರೋಲ್ ಬೆಲೆಯನ್ನು ಮೂರು ರೂಪಾಯಿ ಏರಿಸಿತು. ಮೂರು ವರ್ಷಗಳ ಹಿಂದೆ ಗಾಡಿಯೇರಿದವರು ನೆರೆರಾಜ್ಯಗಳ ದರಕ್ಕಿಂತ ನಮ್ಮದು ಕಡಿಮೆಯೇ ಎಂದು ಸಮಜಾಯಿಷಿ ಕೊಟ್ಟರು. ತೆರಿಗೆ ಬೊಕ್ಕಸಕ್ಕೆ ಅಗತ್ಯವೆಂದು ವಾದಿಸಿದ್ದವರು ಬೀದಿಗಿಳಿದರು.

ಸರಕು ಮತ್ತು ಸೇವಾ ತೆರಿಗೆಯ ಚರಿತ್ರೆಯೂ ಇಂಥದೇ. 2011ರಲ್ಲಿ ಯುಪಿಎ ಸರಕಾರ ಸಂವಿಧಾನ ತಿದ್ದುಪಡಿಯ ಮಸೂದೆ ತಂದಾಗ ಅದನ್ನು ಬಲವಾಗಿ ವಿರೋಧಿಸಿದ ರಾಜ್ಯಗಳಲ್ಲಿ ಗುಜರಾತ್ ಮತ್ತು ಮಧ್ಯಪ್ರದೇಶಗಳು ಮುಂಚೂಣಿಯಲ್ಲಿದ್ದವು. 2014ರ ಡಿಸೆಂಬರಿನಲ್ಲಿ ಎನ್‌ಡಿಎ ಸರಕಾರ ಹೊಸ ಮಸೂದೆ ತಂದಾಗ ಅದನ್ನು ರಾಜ್ಯಸಭೆಯಲ್ಲಿ ತಡೆದು ನಿಲ್ಲಿಸಿದವರು ಹಿಂದೆ ತಾವೇ ಅಂಥ ಮಸೂದೆ ತಂದಿದ್ದ ಕಾಂಗ್ರೆಸಿಗರು. ಕೊನೆಗೆ 2017ರ ಜುಲೈ 1ರಂದು ತೆರಿಗೆ ಜಾರಿಗೆ ಬಂದಿತು. ಆರೇಳು ವರ್ಷಗಳ ಈ ಜಗ್ಗಾಟಕ್ಕೆ ತೆತ್ತವರು ಯಾರು? ಗಡಿಯ ಚೆಕ್‌ಪೋಸ್ಟಿನಲ್ಲಿ ರಾತ್ರಿಯಿಡೀ ನಿಂತ ಲಾರಿಗಳವರು, ಎರಡು ರಾಜ್ಯಗಳ ತೆರಿಗೆ ಲೆಕ್ಕ ಬರೆದಿಟ್ಟ ನಮ್ಮಂಥ ಸಣ್ಣ ವ್ಯಾಪಾರಿಗಳು.

ರಿಸರ್ವ್ ಬ್ಯಾಂಕಿನ ಸ್ವಾಯತ್ತತೆಯ ವಿಚಾರವನ್ನೂ, ಅದರ ನೆರಳಿನಲ್ಲೇ ಕುಳಿತಿರುವುದರಿಂದ, ಒಂದು ಮಾತಿನಲ್ಲಿ ಹೇಳಬೇಕು. 2018ರ ಡಿಸೆಂಬರಿನಲ್ಲಿ ಕೇಂದ್ರದೊಡನೆ ಭಿನ್ನಾಭಿಪ್ರಾಯಗಳ ನಡುವೆ ಗವರ್ನರ್ ಊರ್ಜಿತ್ ಪಟೇಲರು ರಾಜೀನಾಮೆ ಕೊಟ್ಟಾಗ, ಸಂಸ್ಥೆಗಳು ನಾಶವಾದವೆಂದು ಕಾಂಗ್ರೆಸ್ ಪಕ್ಷ ಮರುಗಿತು. ಮರುಗಬೇಕಾದ ವಿಷಯವೇ. ಆದರೆ 1957ರ ಆರಂಭದಲ್ಲಿ ಮಂಗಳೂರು ಮೂಲದ ನಮ್ಮವರೇ ಆದ ಬೆನೆಗಲ್ ರಾಮರಾವ್ ಅದೇ ಪದವಿಯಿಂದ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರೊಡನೆ ಮನಸ್ತಾಪವಾಗಿ ಕೆಳಗಿಳಿದಾಗ ಪ್ರಧಾನಿ ನೆಹರೂ ಮಂತ್ರಿಯ ಪರವಾಗಿ ನಿಂತಿದ್ದರು. ಆ ಅಧ್ಯಾಯವನ್ನು ಅವರ ಅನುಯಾಯಿಗಳು ನೆನೆಯುವುದಿಲ್ಲ. 

ಬಂಧುಗಳೇ, ಈಗ ನಮ್ಮ ಮನೆಯೊಳಗಿನ ವಿಷಯಕ್ಕೆ ಬರುತ್ತೇನೆ. ಹೊರನಾಡ ಕನ್ನಡಿಗರಾದ ನಮಗೆ ಎರಡು ರಾಜ್ಯಗಳ ಸುದ್ದಿ ಬೇಕು. ಮತ ಇಲ್ಲಿ, ಮನೆತನ ಅಲ್ಲಿ. ಹೀಗಾಗಿ ಎರಡು ಸರಕಾರಗಳನ್ನು ಏಕಕಾಲಕ್ಕೆ ಹೋಲಿಸಿ ನೋಡುವ ಅವಕಾಶ ನಮಗಿರುವಷ್ಟು ಒಳನಾಡಿನವರಿಗೆ ಇಲ್ಲ. ಈ ಅವಕಾಶವನ್ನು ನಾವು ಹೇಗೆ ಬಳಸಿಕೊಂಡಿದ್ದೇವೆ?

2022ರ ಜುಲೈ ತಿಂಗಳಲ್ಲಿ ಪ್ರಧಾನಿ ಮೋದಿಯವರು ಉತ್ತರಪ್ರದೇಶದಲ್ಲಿ ಮಾತನಾಡುತ್ತ, ಉಚಿತ ಕೊಡುಗೆಗಳ ರಾಜಕೀಯವನ್ನು 'ರೇವಡಿ ಸಂಸ್ಕೃತಿ' ಎಂದು ಕರೆದು ಎಚ್ಚರಿಸಿದರು. 2023ರ ಮೇ ತಿಂಗಳ ಕರ್ನಾಟಕ ಚುನಾವಣೆಯಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವಂಥದು. ಅದೇ ಚುನಾವಣೆಯಲ್ಲಿ ಬಿಜೆಪಿಯ ಪ್ರಣಾಳಿಕೆ ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಅಡುಗೆ ಅನಿಲದ ಸಿಲಿಂಡರುಗಳನ್ನೂ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲನ್ನೂ ನೀಡುವುದಾಗಿ ಹೇಳಿತ್ತು. ಮರುವರ್ಷ, 2024ರಲ್ಲಿ, ಮಹಾರಾಷ್ಟ್ರದ ಮಹಾಯುತಿ ಸರಕಾರ 'ಲಾಡಕಿ ಬಹೀಣ' ಯೋಜನೆಯಡಿ ತಿಂಗಳಿಗೆ 1,500 ರೂಪಾಯಿ ಕೊಡತೊಡಗಿತು. ಗೆದ್ದರೆ 2,100ಕ್ಕೆ ಏರಿಸುವುದಾಗಿ ಹೇಳಿತು. ಇದು ಚುನಾವಣೆಯ ಲಂಚವೆಂದ ಮಹಾ ವಿಕಾಸ ಆಘಾಡಿ, ತಾನು ಬಂದರೆ 3,000 ಕೊಡುವೆನೆಂದಿತು!

ಈ ಎರಡು ಯೋಜನೆಗಳ ಕುರಿತು ನಮ್ಮ ಸಂಘಗಳ ಜಗಲಿಯಲ್ಲಿ, ಮದುವೆ ಮನೆಗಳಲ್ಲಿ, ಲೋಕಲ್ ರೈಲಿನಲ್ಲಿ ಕೇಳಿಬಂದ ಮಾತುಗಳನ್ನು ನೀವೂ ಕೇಳಿದ್ದೀರಿ. ಊರಿನ ಗೃಹಲಕ್ಷ್ಮಿಯಿಂದ ಜನ ಸೋಮಾರಿಗಳಾದರು, ತೋಟದ ಕೆಲಸಕ್ಕೆ ಆಳು ಸಿಗುವುದಿಲ್ಲ ಎಂದು ಬೈಯುವವರು ಇಲ್ಲಿನ ಲಾಡಕಿ ಬಹೀಣವನ್ನು ಸ್ತ್ರೀಶಕ್ತಿಯ ಗೌರವ ಎಂದರು. ಗೃಹಲಕ್ಷ್ಮಿಯನ್ನು ಸಾಮಾಜಿಕ ನ್ಯಾಯವೆಂದು ಕೊಂಡಾಡುವವರು ಇಲ್ಲಿನ ಯೋಜನೆ ಮತ ಖರೀದಿ ಎಂದರು. 2024-25ರಲ್ಲಿ ಕರ್ನಾಟಕದ ಐದೂ ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ರೂಪಾಯಿ ತೆಗೆದಿಡಲಾಯಿತು. ಲಾಡಕಿ ಬಹೀಣ ಒಂದಕ್ಕೇ ವರ್ಷಕ್ಕೆ 46,000 ಕೋಟಿ ಬೇಕೆಂದು ಅಂದಾಜಿಸಲಾಗಿತ್ತು. ಒಂದು ರಾಜ್ಯ ದಿವಾಳಿಯಾಗುತ್ತದೆ ಎನ್ನುವವರು ಇನ್ನೊಂದರ ಬೊಕ್ಕಸದ ಚಿಂತೆ ಮಾಡಲಿಲ್ಲ. ಹಳ್ಳಿಯಲ್ಲಿ ಆ ಹಣದಿಂದ ಮಗಳ ಶಾಲೆಯ ಖರ್ಚು ತೂಗಿಸಿದ ತಾಯಿಗೂ, ಇಲ್ಲಿ ಧಾರಾವಿಯ ಚಾಳಿನಲ್ಲಿ ಅದರಿಂದ ಔಷಧ ಕೊಂಡ ತಾಯಿಗೂ ಇರುವ ವ್ಯತ್ಯಾಸ ನಮ್ಮ ಪಕ್ಷನಿಷ್ಠೆಯಲ್ಲಿದೆಯೇ ಹೊರತು ಅವರ ಬಾಳಿನಲ್ಲಿಲ್ಲ.

ಹಾಗೆಂದು ಎರಡೂ ಒಂದೇ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ವಸ್ತುನಿಷ್ಠವಾದ ವ್ಯತ್ಯಾಸಗಳಿವೆ, ಅವನ್ನು ಚರ್ಚಿಸಬೇಕು. ಕರ್ನಾಟಕದ ಹಣ ಚುನಾವಣೆ ಗೆದ್ದ ಮೇಲೆ ಸಂದಾಯವಾಯಿತು. ಮಹಾರಾಷ್ಟ್ರದ ಕಂತುಗಳು ಚುನಾವಣೆಗೆ ಕೆಲವೇ ತಿಂಗಳು ಮೊದಲು ಖಾತೆಗೆ ಬಿದ್ದವು, ಅರ್ಹತೆಯ ಕಟ್ಟುನಿಟ್ಟಿನ ಮರುಪರಿಶೀಲನೆ ಗೆದ್ದ ಮೇಲೆ ನಡೆಯಿತು. ಮಹಾರಾಷ್ಟ್ರ ಕುಟುಂಬದ ವಾರ್ಷಿಕ ಆದಾಯಕ್ಕೆ ಎರಡೂವರೆ ಲಕ್ಷದ ಮಿತಿ ಹಾಕಿತು. ಕರ್ನಾಟಕ ಆದಾಯ ತೆರಿಗೆ ಮತ್ತು ಜಿಎಸ್‌ಟಿ ಕಟ್ಟುವವರನ್ನು ಹೊರಗಿಟ್ಟು ಬಲೆಯನ್ನು ಅಗಲವಾಗಿ ಬೀಸಿತು. ಯಾವುದು ಮೇಲು? ಮತಭೇದಕ್ಕೆ ಅವಕಾಶವಿದೆ. ಆದರೆ ಆ ಚರ್ಚೆ ನಡೆಯಲೇ ಇಲ್ಲ. ಬಾವುಟದ ಬಣ್ಣ ನೋಡಿದ ಕೂಡಲೇ ತೀರ್ಪು ಹೊರಬಿದ್ದಿತ್ತು.

ಹಣದ ವಿಷಯದಲ್ಲಿ ಈ ಇಬ್ಬಗೆ ನಮ್ಮನ್ನು ನಗೆಪಾಟಲು ಮಾಡುತ್ತದೆ. ಆರೋಗ್ಯದ ವಿಷಯದಲ್ಲಿ ಪ್ರಾಣಕ್ಕೇ ಸಂಚಕಾರ ತರುತ್ತದೆ. ಕರ್ನಾಟಕದ ಆರೋಗ್ಯ ಯೋಜನೆಗಳ ಇತಿಹಾಸವನ್ನು ಪಕ್ಷದ ಕನ್ನಡಕ ತೆಗೆದು ಓದಿದರೆ ಆಶ್ಚರ್ಯವಾಗುತ್ತದೆ. ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಮೂಡಿದ, ಸಹಕಾರಿ ಸಂಘಗಳ ಸದಸ್ಯ ರೈತರಿಗಾಗಿ ರೂಪುಗೊಂಡ 'ಯಶಸ್ವಿನಿ' ಎಸ್. ಎಂ. ಕೃಷ್ಣ ಅವರ ಕಾಂಗ್ರೆಸ್ ಸರಕಾರದ ಕಾಲದಲ್ಲಿ, 2003ರಲ್ಲಿ ಕಾರ್ಯಾರಂಭ ಮಾಡಿತು. 2018ರಲ್ಲಿ ನಿಂತುಹೋದ ಅದನ್ನು 2022ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು ಬೊಮ್ಮಾಯಿಯವರ ಬಿಜೆಪಿ ಸರಕಾರ. ಇತ್ತ 'ವಾಜಪೇಯಿ ಆರೋಗ್ಯಶ್ರೀ' 2010ರಲ್ಲಿ ಬಿಜೆಪಿ ಸರಕಾರ ಉತ್ತರ ಕರ್ನಾಟಕದ ಬಡವರಿಗಾಗಿ ಆರಂಭಿಸಿದ ಯೋಜನೆ. 2013ರ ನಂತರ ಕಾಂಗ್ರೆಸ್ ಸರಕಾರ ಅದನ್ನು ಮುಂದುವರಿಸಿತು. ಆ ಯೋಜನೆಯ ಗಡಿರೇಖೆಯ ಎರಡು ಬದಿಯ ಹಳ್ಳಿಗಳನ್ನು ಹೋಲಿಸಿ ನಡೆದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬಂದ ರೋಗಗಳಿಂದ ಸತ್ತವರ ಪ್ರಮಾಣ ಯೋಜನೆಯಿದ್ದ ಬಡ ಕುಟುಂಬಗಳಲ್ಲಿ ಶೇಕಡಾ 0.32, ಇಲ್ಲದ ಬಡ ಕುಟುಂಬಗಳಲ್ಲಿ ಶೇಕಡಾ 0.90 ಎಂದು ಅದು ತಿಳಿಸಿತು. ಈ ಅಂಕಿಗಳ ಹಿಂದೆ ಬದುಕುಳಿದ ಹೃದ್ರೋಗಿಗಳಿದ್ದಾರೆ, ಕ್ಯಾನ್ಸರ್ ರೋಗಿಗಳಿದ್ದಾರೆ. ಅವರು ಯೋಜನೆಯ ಹೆಸರಿನಲ್ಲಿದ್ದ ನಾಯಕನಿಗೇ ಮತ ಹಾಕಿದ್ದರೇ ಎಂದು ಯಾವ ವೈದ್ಯನೂ ಕೇಳಿರಲಾರ.

ಮಹಾರಾಷ್ಟ್ರದಲ್ಲಿಯೂ ಅಷ್ಟೇ. 2012ರಲ್ಲಿ ಮುಂಬಯಿ ಸೇರಿದಂತೆ ಎಂಟು ಜಿಲ್ಲೆಗಳಲ್ಲಿ ಆರಂಭವಾದ 'ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ' 2017ರಲ್ಲಿ ಮಹಾತ್ಮ ಜ್ಯೋತಿಬಾ ಫುಲೆಯವರ ಹೆಸರು ಪಡೆಯಿತು. ದೆಹಲಿಯಲ್ಲಿ ಆಮ್ ಆದ್ಮಿ ಪಕ್ಷದ ಮೊಹಲ್ಲಾ ಕ್ಲಿನಿಕ್ಕುಗಳನ್ನು ಬರಿಯ ಪ್ರಚಾರವೆಂದು ಹಂಗಿಸುತ್ತಿದ್ದವರ ಪಕ್ಷವೇ 2022ರಲ್ಲಿ ಕರ್ನಾಟಕದ ನಗರಗಳಲ್ಲಿ 'ನಮ್ಮ ಕ್ಲಿನಿಕ್' ತೆರೆಯಿತು; ಮುಂಬಯಿಯಲ್ಲಿ ಅದೇ ವರ್ಷ ಬಾಳಾಸಾಹೇಬ ಠಾಕರೆಯವರ ಹೆಸರಿನ 'ಆಪಲಾ ದವಾಖಾನಾ' ಬಂದಿತು. ಒಳ್ಳೆಯ ಕಲ್ಪನೆಯೊಂದು ಪಕ್ಷದಿಂದ ಪಕ್ಷಕ್ಕೆ ಹೀಗೆ ಹಬ್ಬುವುದು ಪ್ರಜಾಪ್ರಭುತ್ವದ ಸೊಬಗು. ಅದನ್ನು ಒಪ್ಪಿಕೊಳ್ಳಲು ಮಾತ್ರ ಎಲ್ಲರಿಗೂ ಸಂಕೋಚ.

2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ ಆರಂಭವಾದಾಗ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಯ ಭರವಸೆ ಬಂದಿತು. ಕರ್ನಾಟಕದ ಸಮ್ಮಿಶ್ರ ಸರಕಾರ ವಿರೋಧಿ ಪಾಳಯದ್ದಾಗಿದ್ದರೂ ಅದೇ ವರ್ಷ ತನ್ನ 'ಆರೋಗ್ಯ ಕರ್ನಾಟಕ'ವನ್ನು ಅದರೊಡನೆ ಜೋಡಿಸಿತು. ಇದನ್ನು ವಿವೇಕವೆಂದೇ ಹೇಳಬೇಕು. ಪಶ್ಚಿಮ ಬಂಗಾಳ ಪ್ರಧಾನಿಯ ಚಿತ್ರವಿದ್ದ ಪತ್ರಗಳನ್ನು ಆಕ್ಷೇಪಿಸಿ 2019ರ ಜನವರಿಯಲ್ಲಿ ಹೊರನಡೆಯಿತು. ಒಡಿಶಾ ಮತ್ತು ದೆಹಲಿಗಳು ಸೇರಿದ್ದು ಅಲ್ಲಿ ಸರಕಾರಗಳು ಬದಲಾದ ನಂತರ, 2025ರಲ್ಲಿ. ತಮ್ಮ ಯೋಜನೆಯೇ ಉತ್ತಮವೆಂಬ ಆ ರಾಜ್ಯಗಳ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ಕೇಂದ್ರ ತನ್ನ ಹೆಸರನ್ನೇ ಮುಂದುಮಾಡಿದ್ದೂ ಸುಳ್ಳಲ್ಲ. ಆದರೆ ಈ ಹೆಸರಿನ ಜಗಳದಲ್ಲಿ ಎಲ್ಲರೂ ಮರೆತದ್ದು ನಮ್ಮಂಥವರನ್ನು. ರಾಜ್ಯ ದಾಟಿದ ಮೇಲೂ ಚಿಕಿತ್ಸೆ ದೊರೆಯುವುದು ಆ ರಾಷ್ಟ್ರೀಯ ಯೋಜನೆಯ ಮುಖ್ಯ ಗುಣ. ಯಾದಗಿರಿಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವವನ ಬಳಿ ಮಹಾರಾಷ್ಟ್ರದ ಪಡಿತರ ಚೀಟಿ ಇರುವುದಿಲ್ಲ. ಊರಿನ ಯೋಜನೆ ಊರಿನ ಆಸ್ಪತ್ರೆಯಲ್ಲಿದೆ. ಅವನು ಎಲ್ಲಿಯವನೂ ಅಲ್ಲ. ರಾಜ್ಯವೊಂದು ಹೊರಗುಳಿದರೆ ಅಲ್ಲಿನ ಮುಖ್ಯಮಂತ್ರಿಗೆ ನಷ್ಟವಿಲ್ಲ, ಪ್ರಧಾನಿಗೂ ಇಲ್ಲ. ನಷ್ಟವೆಲ್ಲ ವಲಸೆ ಹೋದವನಿಗೆ.

ಈಗ ಹೇಳುವ ಮಾತು ಕೆಲವರಿಗೆ ಹಿತವಾಗಲಾರದು. ಇಬ್ಬಗೆಯ ನೀತಿ ಪಕ್ಷಗಳಿಗೆ ಸೀಮಿತವಲ್ಲ, ಭಾಷಾಭಿಮಾನದಲ್ಲಿಯೂ ಅದು ನುಸುಳುತ್ತದೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಫುಲೆ ಆರೋಗ್ಯ ಯೋಜನೆಯನ್ನು ಕರ್ನಾಟಕದ ಗಡಿಭಾಗದ 865 ಗ್ರಾಮಗಳಿಗೆ ವಿಸ್ತರಿಸಲು ತೀರ್ಮಾನಿಸಿದಾಗ ಕರ್ನಾಟಕ ಕೆರಳಿತು, ನಾವೂ ಕೆರಳಿದೆವು. ಗಡಿ ವಿವಾದ ಸರ್ವೋಚ್ಚ ನ್ಯಾಯಾಲಯದ ಮುಂದಿರುವಾಗ ಆರೋಗ್ಯವನ್ನು ಅಸ್ತ್ರ ಮಾಡಿಕೊಂಡದ್ದು ಸರಿಯಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕೆಲವೇ ತಿಂಗಳ ಹಿಂದೆ, 2022ರ ನವೆಂಬರಿನಲ್ಲಿ, ಮುಖ್ಯಮಂತ್ರಿ ಬೊಮ್ಮಾಯಿಯವರು ಜತ್ತ ತಾಲ್ಲೂಕಿನ ಗ್ರಾಮಗಳ ಮಾತೆತ್ತಿ, ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ನೆರವು ಕೊಡುವುದಾಗಿ ಹೇಳಿದಾಗ ನಾವು ಹರ್ಷಿಸಿದ್ದೆವು. ಜತ್ತದ ಕನ್ನಡ ಮಗುವಿಗೆ ಪುಸ್ತಕ ಕೊಡುವುದು ಧರ್ಮವಾದರೆ, ಬೆಳಗಾವಿಯ ಮರಾಠಿ ರೋಗಿಗೆ ಔಷಧ ಕೊಡುವುದು ಅಧರ್ಮ ಹೇಗಾಯಿತು? ಎರಡಕ್ಕೂ ಒಂದೇ ನಿಯಮ ಬೇಕು: ಇನ್ನೊಂದು ರಾಜ್ಯದ ಒಪ್ಪಿಗೆ ಪಡೆದು, ಗಡಿಯ ಹಕ್ಕುಸಾಧನೆಯನ್ನು ಬದಿಗಿಟ್ಟು ಕೊಡುವುದಾದರೆ ಎರಡೂ ಸರಿ, ಇಲ್ಲವಾದರೆ ಎರಡೂ ತಪ್ಪು. ಇನ್ನೊಂದು ವಿಚಿತ್ರವೆಂದರೆ, ಆಗ ಎರಡೂ ರಾಜ್ಯಗಳ ಸರಕಾರಗಳಲ್ಲಿ ಬಿಜೆಪಿ ಇತ್ತು. ಎರಡು ಕಡೆ ಬೇರೆ ಪಕ್ಷಗಳಿದ್ದಿದ್ದರೆ ಅದೇ ಜಗಳವನ್ನು ನಮ್ಮವರು ಪಕ್ಷಕ್ಕನುಸಾರವಾಗಿ ಬೇರೆ ಬಗೆಯಲ್ಲಿ ವಿವರಿಸುತ್ತಿದ್ದರು.

ಕೊನೆಯದಾಗಿ 2021ರ ಎಪ್ರಿಲ್, ಮೇ ತಿಂಗಳುಗಳನ್ನು ನೆನಪಿಸಿಕೊಳ್ಳೋಣ. ಎಪ್ರಿಲ್ 21ರಂದು ನಾಸಿಕದ ಆಸ್ಪತ್ರೆಯೊಂದರ ಆಮ್ಲಜನಕದ ತೊಟ್ಟಿ ಸೋರಿ ಇಪ್ಪತ್ತೆರಡಕ್ಕೂ ಕಡಿಮೆಯಿಲ್ಲದಷ್ಟು ರೋಗಿಗಳು ಉಸಿರುಗಟ್ಟಿ ಸತ್ತರು. ಮೇ 2 ಮತ್ತು 3ರ ನಡುವೆ ಚಾಮರಾಜನಗರದಲ್ಲಿ ಇಪ್ಪತ್ತನಾಲ್ಕು ರೋಗಿಗಳು ಪ್ರಾಣಬಿಟ್ಟರು. ಆಮ್ಲಜನಕದ ಕೊರತೆಯೇ ಕಾರಣವೆಂದು ಹೈಕೋರ್ಟು ನೇಮಿಸಿದ ಸಮಿತಿ ಅನಂತರ ಹೇಳಿತು. ಮಹಾರಾಷ್ಟ್ರದಲ್ಲಿ ಆಗ ಮಹಾ ವಿಕಾಸ ಆಘಾಡಿಯ ಸರಕಾರ, ಕರ್ನಾಟಕದಲ್ಲಿ ಬಿಜೆಪಿಯ ಸರಕಾರ. ನಾಸಿಕವನ್ನು ಕುರಿತು ಗುಡುಗಿದವರು ಚಾಮರಾಜನಗರದ ಮುಂದೆ ಮೂಕರಾದರು. ಚಾಮರಾಜನಗರಕ್ಕೆ ಕಣ್ಣೀರಿಟ್ಟವರು ನಾಸಿಕದ್ದನ್ನು ಆಕಸ್ಮಿಕವೆಂದರು. ಜುಲೈ ತಿಂಗಳಲ್ಲಿ ಕೇಂದ್ರ ಸರಕಾರ ರಾಜ್ಯಸಭೆಯಲ್ಲಿ, ಆಮ್ಲಜನಕದ ಕೊರತೆಯಿಂದ ಸತ್ತವರೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಉತ್ತರಿಸಿತು. ಕೇಂದ್ರ ರಾಜ್ಯಗಳ ಕಡೆ ಬೆರಳು ತೋರಿತು, ರಾಜ್ಯಗಳು ಕೇಂದ್ರದ ಕಡೆ. ಸತ್ತವರಿಗೆ ಎರಡು ಕಾಲಂಗಳಲ್ಲಿ ಯಾವುದರಲ್ಲಿಯೂ ಸ್ಥಾನ ಸಿಗಲಿಲ್ಲ. ಎರಡು ತಕ್ಕಡಿ ಇಟ್ಟುಕೊಂಡ ಸಮಾಜದಲ್ಲಿ ಆಗುವುದು ಇದೇ: ಆಳುವವರ ಅರ್ಧ ತಪ್ಪನ್ನು ಒಂದು ಗುಂಪು ಮುಚ್ಚುತ್ತದೆ, ಉಳಿದರ್ಧವನ್ನು ಇನ್ನೊಂದು ಗುಂಪು ಮುಚ್ಚುತ್ತದೆ. ಕೊನೆಗೆ ಹೊಣೆಗಾರರೇ ಇರುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಯಾವ ಪಕ್ಷವನ್ನೂ ಸೇರಬೇಡಿ ಎಂದು ನಾನು ಹೇಳುತ್ತಿಲ್ಲ. ಪಕ್ಷವಿಲ್ಲದ ಪ್ರಜಾಪ್ರಭುತ್ವವಿಲ್ಲ, ಒಲವಿಲ್ಲದ ಮನುಷ್ಯನೂ ಇಲ್ಲ. ಎಲ್ಲರೂ ಕಳ್ಳರೆಂದು ಹೇಳಿ ಸುಮ್ಮನಾಗುವುದು ಸಮದೃಷ್ಟಿಯಲ್ಲ, ಸೋಮಾರಿತನ. ಅದರಿಂದ ಹೆಚ್ಚು ತಪ್ಪು ಮಾಡಿದವನಿಗೆ ಹೆಚ್ಚು ಲಾಭ. ನಾನು ಕೇಳಿಕೊಳ್ಳುವುದು ಮೂರೇ ವಿಷಯ. ಸರಕಾರದ ಒಂದು ಕೆಲಸವನ್ನು ಹೊಗಳುವ ಮುನ್ನ ಅಥವಾ ತೆಗಳುವ ಮುನ್ನ, ಅದನ್ನೇ ಎದುರು ಪಕ್ಷ ಮಾಡಿದ್ದರೆ ಏನೆನ್ನುತ್ತಿದ್ದೆ ಎಂದು ಕೇಳಿಕೊಳ್ಳಿ. ಎರಡನೆಯದಾಗಿ, ಸರಕಾರದ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿ ನೋಡಿ. 2013ರಲ್ಲಿ ರೂಪಾಯಿ ಡಾಲರಿಗೆ 68ನ್ನು ದಾಟಿದಾಗ ಅಮೆರಿಕದ ಹಣಕಾಸು ನೀತಿಯ ಪಾತ್ರವೂ ಇತ್ತು; 2022ರಲ್ಲಿ 80ನ್ನು ದಾಟಿದಾಗ ಯುದ್ಧದ ಪಾತ್ರವೂ ಇತ್ತು. ಒಂದಕ್ಕೆ ಕೊಟ್ಟ ರಿಯಾಯಿತಿಯನ್ನು ಇನ್ನೊಂದಕ್ಕೂ ಕೊಡಿ. ಮೂರನೆಯದಾಗಿ, ಯೋಜನೆಯ ಹೆಸರನ್ನು ಮುಚ್ಚಿಟ್ಟು, ಅದು ಯಾರಿಗೆ ಎಷ್ಟು ತಲುಪಿತು, ಹಣ ಯಾರ ಕಿಸೆಯಿಂದ ಬಂತು ಎಂಬುದನ್ನು ಮೊದಲು ಓದಿ.

ಹಗಲು ಹೋಟೆಲಿನ ಗಲ್ಲದಲ್ಲೋ ಅಡುಗೆಮನೆಯಲ್ಲೋ ದುಡಿದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕನ್ನಡಿಗರ ಊರು ಈ ಫೋರ್ಟ್. ಆ ಹಿರಿಯರಿಗೆ ಲೆಕ್ಕದಲ್ಲಿ ಒಂದು ಹಟವಿತ್ತು: ದಿನದ ಕೊನೆಗೆ ಜಮಾ ಖರ್ಚು ಒಂದೇ ಪುಸ್ತಕದಲ್ಲಿ ತಾಳೆಯಾಗಬೇಕು. ಗಿರಾಕಿ ಯಾರೆಂದು ನೋಡಿ ಅವರು ತೂಕ ಬದಲಿಸಲಿಲ್ಲ. ಆದ್ದರಿಂದಲೇ ಈ ಪರಊರಿನಲ್ಲಿ ನಂಬಿಕೆ ಗಳಿಸಿದರು. ಆಳುವವರ ಲೆಕ್ಕ ನೋಡುವಾಗಲೂ ಅದೇ ಒಂದು ಪುಸ್ತಕ, ಅದೇ ಒಂದು ತಕ್ಕಡಿ ಸಾಕು. ಅಷ್ಟನ್ನು ನಾವು ಉಳಿಸಿಕೊಂಡರೆ, ಮುಂದಿನ ಚುನಾವಣೆಯಲ್ಲಿ ಯಾರೇ ಗೆಲ್ಲಲಿ, ನಾವು ಸೋಲುವುದಿಲ್ಲ.